ಹೆಡ್‌ಲೈಟಿನ ಒಳಗಿನ ಬೂದಿ

ಯಾರಾದರೂ ನನ್ನ ಶೆಡ್ಡಿನೊಳಗೆ ಕಾಲಿಟ್ಟರೆ ನಾನು ಮೊದಲು ನೋಡುವುದು ಅವರ ಕೈಯನ್ನು, ಮುಖ ಆಮೇಲೆ. ಇದು ಒಳ್ಳೆಯ ಗುಣವಲ್ಲವೆಂದು ನನಗೆ ಗೊತ್ತು. ರಾಮಮೂರ್ತಿ ನಗರದ ಈ ಶೆಡ್ಡಿನಲ್ಲಿ ನಾನು ಮಾಡುವುದು ಹಳೆಯ ಕಾರುಗಳ ಹೆಡ್‌ಲೈಟು ಬಿಚ್ಚಿ, ಶುಚಿ ಮಾಡಿ, ಜೋಡಿಸುವ ಕೆಲಸ. ಜೊತೆಗೆ ಹುಡ್ಡಿನ ಕೆಲಸ. ಹುಡ್ ಎಂದರೆ ತೆರೆದ ಕಾರುಗಳಿಗೆ ಇರುವ, ಮಡಚಿ ಹಿಂದಕ್ಕೆ ಹಾಕುವ ಕ್ಯಾನ್ವಾಸ್ ಚಾವಣಿ. ಅದರ ಮರದ ಕಮಾನು, ಹಿತ್ತಾಳೆ ಕೀಲು, ತಿರುಗಿಸುವ ಗುಂಡಿಗಳು, ಪಟ್ಟಿಗಳು ಎಲ್ಲ ನನ್ನ ಕೈಗೆ ಬರುತ್ತವೆ. ಈಗಿನ ಮಾಲೀಕರು ಇಂದಿರಾನಗರದಿಂದ ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಬರುತ್ತಾರೆ, ನಾನು ಮೊದಲ ಸ್ಕ್ರೂಗೆ ಕೈ ಹಾಕುವುದರೊಳಗೆ ಫೋನಿನ ಕ್ಯಾಮೆರಾ ಆನ್ ಮಾಡಿಕೊಂಡಿರುತ್ತಾರೆ. “ಬೇಜಾರು ಮಾಡ್ಕೋಬೇಡಿ ಮೇಡಂ, ಸುಮ್ನೆ ರೆಕಾರ್ಡಿಗೆ” ಅನ್ನುತ್ತಾರೆ. ನನಗೇಕೆ ಬೇಜಾರು? ಅವರು ಗೇಟು ದಾಟಿದ ಗಳಿಗೆಯಿಂದ ನನ್ನ ಕ್ಯಾಮೆರಾ ಅವರನ್ನು ನೋಡುತ್ತಿರುತ್ತದೆ. ಅದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೆ.

ತಾನು ಕಳ್ಳ, ಪರರ ನಂಬ ಅನ್ನುತ್ತಾರೆ. ನಾನು ಯಾರದನ್ನೂ ಕದ್ದವಳಲ್ಲ. ಆದರೆ ನಾನು ಬೆಳೆದ ಮನೆಯಲ್ಲಿ ಅನುಮಾನ ಎನ್ನುವುದು ಉಪ್ಪಿನ ಹಾಗೆ, ಅದಿಲ್ಲದೆ ಒಂದು ಹೊತ್ತಿನ ಊಟವೂ ಆಗುತ್ತಿರಲಿಲ್ಲ. ಹಲಸೂರು ಕೆರೆಯ ಹಿಂಭಾಗದ ಓಣಿಯಲ್ಲಿ ಒಂದರ ಹಿಂದೆ ಒಂದು ಮೂರು ಕೋಣೆಯ ಮನೆ ನಮ್ಮದು. ಮುಂದಿನದು ಅಪ್ಪನ ಕೆಲಸದ್ದು, ನಡುವಿನದು ಎಲ್ಲರದು, ಹಿಂದಿನದು ಅಡುಗೆಯದು. ಅದರ ಮೂಲೆಯಲ್ಲೇ ಸ್ನಾನದ ಹಂಡೆ ಮತ್ತು ಸೌದೆ ಒಲೆ. ಮುಂದಿನ ಕೋಣೆಯಲ್ಲಿ ಮೇಜು ಇರಲಿಲ್ಲ. ಒಂದು ಮಂಚ, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಯಾರದೋ ಕಾರಿನ ಬಿಚ್ಚಿಟ್ಟ ಹೆಡ್‌ಲೈಟುಗಳು. ಗೋಡೆಯ ಮೇಲೆ ಬುದ್ಧನ ಪಟ ಒಂದೇ. ಅಪ್ಪ ಮದುವೆಗೆ ಮೊದಲೇ ಬೌದ್ಧ ದೀಕ್ಷೆ ತೆಗೆದುಕೊಂಡು, ಮನೆಯಲ್ಲಿದ್ದ ದೇವರ ಪಟಗಳನ್ನೆಲ್ಲ ತನ್ನ ಕೈಯಾರೆ ಇಳಿಸಿದ್ದನಂತೆ. ಹಾಗೆ ಇಳಿಸಿದಾಗ ಅಜ್ಜಿ, ಅಂದರೆ ಅವನ ಅಮ್ಮ, ಹೊರಮಾವಿನ ತನ್ನ ತವರಿನಿಂದ ತಂದಿದ್ದ ಮಾರಮ್ಮನ ಹಿತ್ತಾಳೆ ಮುಖವನ್ನು ರಾಗಿ ಡಬ್ಬದ ತಳಕ್ಕೆ ಸೇರಿಸಿ ಮೇಲೆ ರಾಗಿ ಸುರಿದಿದ್ದಳು. ಮಗನಿಗೆ ಗೊತ್ತಿಲ್ಲವೆಂದು ಅವಳು ನಂಬಿದ್ದಳು. ಸೊಸೆ ಯಾವತ್ತಾದರೂ ಹೇಳಿಬಿಡುತ್ತಾಳೆ ಎಂದು ಅನುಮಾನವಿದ್ದುದರಿಂದ ರಾಗಿ ತೆಗೆಯುವ ಕೆಲಸ ತನ್ನದೇ ಎಂದು ಹಟ ಹಿಡಿದಿದ್ದಳು. ಅತ್ತೆ ರಾಗಿಯನ್ನು ತವರಿಗೆ ಸಾಗಿಸುತ್ತಾಳೆ ಎಂದು ಅಮ್ಮನಿಗೆ ಅನುಮಾನ. ಹೀಗೆ ನಮ್ಮ ಮನೆಯ ಮುದ್ದೆ ಇಬ್ಬರು ಹೆಂಗಸರ ನಾಲ್ಕು ಕಣ್ಣಿನ ಕಾವಲಿನಲ್ಲಿ ಬೇಯುತ್ತಿತ್ತು.

ಅಪ್ಪನ ಅನುಮಾನಕ್ಕಾದರೂ ಕಾರಣವಿತ್ತು. ಹಳೆಯ ಕಾರಿನ ಮೂಲ ಸಾಮಾನು ಒಂದು ಸಲ ಹೋದರೆ ಹೋಯಿತು, ಮತ್ತೆ ಹುಟ್ಟುವುದಿಲ್ಲ. ಹುಡ್ಡಿನ ಇಷ್ಟೇ ಇಷ್ಟು ಗುಂಡಿಯೊಂದನ್ನು ಯಾರಾದರೂ ಜೇಬಿಗೆ ಹಾಕಿಕೊಂಡರೆ, ಅದು ಶಿವಾಜಿನಗರದ ಗುಜರಿ ಗಲ್ಲಿಯಲ್ಲಿ ಬೇರೊಬ್ಬರ ಕಾರಿಗೆ ಹೋಗಿಬಿಡುತ್ತಿತ್ತು. ಮಾಲೀಕರು ಮೆಕ್ಯಾನಿಕ್‌ಗಳನ್ನು ನಂಬುತ್ತಿರಲಿಲ್ಲ. ಅಸಲಿ ತೆಗೆದು ನಕಲಿ ಕೂರಿಸುತ್ತಾರೆ ಎಂಬುದು ಕಂಟೋನ್ಮೆಂಟಿನ ಬಂಗಲೆಗಳಲ್ಲೆಲ್ಲ ಇದ್ದ ಮಾತು. ಮುನಿರಾಜುವಿನ ಮನೆಯಿಂದ ಮಾತ್ರ ಏನೂ ಕಾಣೆಯಾಗುವುದಿಲ್ಲ ಎಂದು ಅಪ್ಪನಿಗೆ ಹೆಸರಿತ್ತು, ಆ ಹೆಸರೇ ನಮ್ಮ ಮನೆಯ ಆಸ್ತಿ. ಅದನ್ನು ಉಳಿಸಿಕೊಳ್ಳಲು ಅವನು ಪಡುತ್ತಿದ್ದ ಪಾಡು ಅಷ್ಟಿಷ್ಟಲ್ಲ. ಗುಂಡಿಗಳು ಅಮ್ಮನ ಸಾಸಿವೆ ಡಬ್ಬಿಯಲ್ಲಿ, ಕೀಲುಗಳು ಮೆಂತ್ಯದ ಡಬ್ಬಿಯಲ್ಲಿ. ಮನೆಗೆ ಬಂದ ನೆಂಟರು ಹೊರಡುವ ಮುನ್ನ ಅಪ್ಪ ಒಳಗೆ ಹೋಗಿ ಡಬ್ಬಿ ಅಲುಗಿಸಿ ಬರುತ್ತಿದ್ದ. ಸದ್ದಿನಲ್ಲೇ ಅವನಿಗೆ ಲೆಕ್ಕ ಸಿಗುತ್ತಿತ್ತು. ಒಮ್ಮೆ ನನ್ನ ಸೋದರಮಾವ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಪ್ಪ ಡಬ್ಬಿ ಅಲುಗಿಸಿದ ಸದ್ದು ಕೇಳಿ, ಎರಡು ಜೇಬನ್ನೂ ಹೊರಕ್ಕೆ ತೆಗೆದು ತೋರಿಸಿ ಹೋದವನು ಮತ್ತೆ ಮೂರು ವರ್ಷ ನಮ್ಮ ಮನೆಗೆ ಬರಲಿಲ್ಲ.

ಅಪ್ಪ ಡಬ್ಬಿ ಅಲುಗಿಸದೆ ಕಳಿಸಿಕೊಡುತ್ತಿದ್ದ ಮನುಷ್ಯ ಈ ಲೋಕದಲ್ಲಿ ಒಬ್ಬರೇ, ಗೌಸ್ ಚಾಚಾ. ಹುಡ್ಡಿನ ಲೋಹದ ಕೆಲಸ ಅಪ್ಪನದಾದರೆ ಕ್ಯಾನ್ವಾಸು ಹೊಲಿಯುವುದು ಚಾಚಾ ಕೆಲಸ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಬಟ್ಟೆ ಗಲ್ಲಿಯಲ್ಲಿ ಅವರ ಅಂಗಡಿ. ಬಿಚ್ಚಿದ ಹೆಡ್‌ಲೈಟು ಗೀರು ಬೀಳದಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ದಪ್ಪ, ಮೆತ್ತನೆಯ ಫೆಲ್ಟ್ ಬಟ್ಟೆಯ ಚೀಲ ಬೇಕು. ಆ ಚೀಲವನ್ನು ಆಯಾ ದೀಪದ ಅಳತೆಗೆ ಹೊಲಿದು ಕೊಡುತ್ತಿದ್ದವರೂ ಅವರೇ. ಬಂದರೆ ನೇರ ನಡುಕೋಣೆಗೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು, ಅಮ್ಮ ಮಾಡಿದ ಬಸ್ಸಾರು ಕೈಯಲ್ಲೇ ಸುರಿದುಕೊಂಡು ಕುಡಿಯುತ್ತಿದ್ದರು. ರಂಜಾನಿಗೆ ಅವರ ಮನೆಯಿಂದ ಹಾಲು ಶಾವಿಗೆಯ ಶೀರ್ ಖುರ್ಮಾ ಬರುತ್ತಿತ್ತು. ಅಜ್ಜಿ ಅದರಲ್ಲಿ ಏನು ಬೆರೆಸಿದ್ದಾರೋ ಎಂದು ಅನುಮಾನಪಟ್ಟು, ಆಮೇಲೆ ಎಲ್ಲರಿಗಿಂತ ಹೆಚ್ಚು ಕುಡಿಯುತ್ತಿದ್ದಳು.

ಹೆಡ್‌ಲೈಟಿನ ಒಳಗೆ ಬಟ್ಟಲಿನಂಥ ಒಂದು ಕನ್ನಡಿ ಇರುತ್ತದೆ, ರಿಫ್ಲೆಕ್ಟರು. ಹಿತ್ತಾಳೆಯ ಮೇಲೆ ತೆಳ್ಳಗೆ ಬೆಳ್ಳಿ ಹಾಕಿರುತ್ತಾರೆ. ವರ್ಷಗಳು ಕಳೆದ ಹಾಗೆ ಬೆಳ್ಳಿ ಹಳದಿಯಾಗಿ ಮಂಕಾಗುತ್ತದೆ. ಅದನ್ನು ಬೆಳಗುವುದಕ್ಕೆ ಒಂದೇ ದಾರಿ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ, ಕಾಡಿಗೆಗೆ ಮಾಡಿದಂತೆಯೇ ಮಸಿ ಹಿಡಿಯಬೇಕು. ಅದನ್ನು ಸ್ಪಿರಿಟ್ಟಿನಲ್ಲಿ ಕಲಸಿ, ಹತ್ತಿಯಲ್ಲಿ ಅದ್ದಿ, ಬಲ್ಬು ಕೂರುವ ನಡು ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು. ಒಂದು ಎಳೆತ, ಹತ್ತಿ ಎತ್ತಬೇಕು, ಮತ್ತೆ ನಡುವಿನಿಂದ ಇನ್ನೊಂದು. ಎಂದೂ ಸುತ್ತಿಸಬಾರದು. ಸುತ್ತಿಸಿದರೆ ಬೆಳ್ಳಿಯ ಮೇಲೆ ಉಂಗುರ ಉಂಗುರವಾಗಿ ಗೀರು ಬಿದ್ದು ಬೆಳಕು ಚೆದುರಿಹೋಗುತ್ತದೆ. ಮಸಿ ಹಿಡಿಯುವುದು ಅಮ್ಮನ ಕೆಲಸ. ಹನ್ನೊಂದು ವರ್ಷಕ್ಕೆ ಅಪ್ಪ ನನ್ನ ಕೈಗೆ ಹತ್ತಿ ಕೊಟ್ಟಿದ್ದ, ನನ್ನ ಬೆರಳು ಸಣ್ಣವು ಎಂಬ ಕಾರಣಕ್ಕೆ.

“ಗೌತಮಿ, ಸುತ್ತಿಸ್ತೀಯಾ?”

“ಇಲ್ಲಪ್ಪ.”

“ಸುತ್ತಿಸಿದ್ರೆ?”

“ಬೆಳ್ಳಿ ಸತ್ತೋಗತ್ತೆ.”

ಪ್ರತಿ ಸಲ ಕೆಲಸಕ್ಕೆ ಕೂರುವ ಮುನ್ನ ಇಷ್ಟು ಕೇಳಿಯೇ ಅವನು ಹತ್ತಿ ಕೊಡುತ್ತಿದ್ದ. ಆದ್ದರಿಂದ, ಮುಂದೆ ನಡೆದದ್ದು ನನಗೆ ತಿಳಿಯದೆ ನಡೆಯಿತು ಎಂದು ಹೇಳುವ ಹಾಗಿಲ್ಲ.

ಆ ವರ್ಷ ಕಂಟೋನ್ಮೆಂಟಿನ ಒಂದು ಬಂಗಲೆಯಿಂದ ದೊಡ್ಡ ಕೆಲಸ ಬಂದಿತ್ತು. ಸಾಹೇಬರದು ತೆರೆದ ಕಾರು, ಅವರ ತಂದೆಯ ಕಾಲದ್ದು. ಹುಡ್ಡು ಪೂರ್ತಿ ಹೊಸದಾಗಬೇಕಿತ್ತು, ಎರಡೂ ಹೆಡ್‌ಲೈಟು ಬಿಚ್ಚಬೇಕಿತ್ತು. ಅಪ್ಪ ಸಾಹೇಬರ ಎದುರಿಗೇ ದೀಪಗಳನ್ನು ಬಿಚ್ಚಿ, ಒಳಗೆಲ್ಲ ತೋರಿಸಿ ತಂದು, ಚೀಲ ಹೊಲಿಸಲು ಚಾಚಾ ಅಂಗಡಿಗೆ ಕೊಟ್ಟ. ಎರಡು ದಿನ ಅಲ್ಲಿದ್ದು, ಚೀಲ ತೊಟ್ಟು ಅವು ನಮ್ಮ ಮನೆಗೆ ವಾಪಸ್ಸು ಬಂದವು. ಬೇರೆ ಯಾರ ಕೈಯಿಂದ ಬಂದಿದ್ದರೂ ಅಪ್ಪ ಚೀಲ ಬಿಚ್ಚಿ ನೋಡುತ್ತಿದ್ದ. ಚಾಚಾ ಕೈಯಿಂದ ಬಂದದ್ದರಿಂದ ನೋಡದೆ ಮಂಚದ ಮೇಲಿಟ್ಟ. ಮರುದಿನ ಆಯುಧಪೂಜೆ.

ಆಯುಧಪೂಜೆಯ ದಿನ ಇಡೀ ಹಲಸೂರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಮೆಕ್ಯಾನಿಕ್ ನಮ್ಮಪ್ಪ ಒಬ್ಬನೇ. ಬೇಕೆಂದೇ ಹೋಗುತ್ತಿದ್ದ. ಗ್ಯಾರೇಜುಗಳ ಮುಂದೆ ಬಾಳೆಕಂಬ ಕಟ್ಟಿ, ಸ್ಪ್ಯಾನರಿಗೂ ಜ್ಯಾಕಿಗೂ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತಿದ್ದವರ ನಡುವೆ ಎಣ್ಣೆ ಕಲೆಯ ಅಂಗಿ ತೊಟ್ಟು ಸೈಕಲ್ ತುಳಿದುಕೊಂಡು ಹೋಗುವುದು ಅವನಿಗೆ ಹಬ್ಬ. ಜೊತೆಗೆ ಚಾಚಾ. ಇಬ್ಬರೂ ಆ ದಿನ ಬಂಗಲೆಗೆ ಹುಡ್ಡಿನ ಕಮಾನು ಬಿಚ್ಚಲು ಹೋದರು. ಅಮ್ಮ ರೇಷನ್ ಸಾಲಿನಲ್ಲಿ ನಿಲ್ಲಲು ಹೋದಳು. ಮನೆಯಲ್ಲಿ ಅಜ್ಜಿ ಮತ್ತು ನಾನು. ಓಣಿಯ ತುಂಬ ಊದುಬತ್ತಿ, ಕಡಲೆಪುರಿ, ನಿಂಬೆಹಣ್ಣು. ನನ್ನ ಗೆಳತಿಯರೆಲ್ಲ ಕಡಲೆಪುರಿ ಮುಕ್ಕುತ್ತಿದ್ದರು, ನನಗೆ ಹೊಟ್ಟೆಕಿಚ್ಚಿನಿಂದ ಅಳು ಬರುತ್ತಿತ್ತು. ಅಜ್ಜಿ ನನ್ನ ಮುಖ ನೋಡಿದಳು, ಬಾಗಿಲು ಹಾಕಿದಳು, ರಾಗಿ ಡಬ್ಬಕ್ಕೆ ಕೈ ಹಾಕಿದಳು.

“ಆಯುಧಕ್ಕೆ ಒಂದು ಬೊಟ್ಟು ಇಡ್ದಿದ್ರೆ ಅದು ಕೈ ಕಡಿಯತ್ತೆ ಕಣೆ. ನಿಮ್ಮಪ್ಪಂಗೆ ಏನ್ ಗೊತ್ತು. ನಾವಿಬ್ರೇ ಮಾಡೋಣ. ಯಾರ್ಗೂ ಬಾಯ್ ಬಿಡಬಾರ್ದು.”

ಮಾರಮ್ಮನನ್ನು ಮಂಚದ ಮೇಲೆ ಕೂರಿಸಿದಳು. ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು, ಎಲ್ಲಕ್ಕೂ ಬೊಟ್ಟಿಟ್ಟಳು. ಆಮೇಲೆ ಫೆಲ್ಟ್ ಚೀಲದಿಂದ ಒಂದು ದೀಪ ತೆಗೆದು, ಗಾಜು ಕಳಚಿ ಒಳಗೆ ನೋಡಿ, ಹುಬ್ಬು ಗಂಟಿಕ್ಕಿದಳು. ಬೆಳ್ಳಿ ಹಳದಿ ತಿರುಗಿತ್ತಲ್ಲ, ಅದು ಅವಳ ಕಣ್ಣಿಗೆ ಕಿಲುಬು ಹಿಡಿದ ಹಿತ್ತಾಳೆಯ ಹಾಗೆ ಕಂಡಿತು.

“ಥೂ, ಎಷ್ಟು ಕೊಳೆ. ಕೊಳಕು ದೀಪ ಇಟ್ಕೊಂಡು ಯಾರಾದ್ರೂ ಪೂಜೆ ಮಾಡ್ತಾರಾ? ಹುಣಸೆಹಣ್ಣು ತಗೊಂಬಾ, ಒಲೆ ಬೂದಿ ತಗೊಂಬಾ.”

ನಾನು ತಂದುಕೊಟ್ಟೆ. ನೀರನ್ನೂ ನಾನೇ ಹನಿಸಿದೆ. ಅಜ್ಜಿ ದೇವರ ದೀಪ ಬೆಳಗುವ ಹಾಗೆ ಹೆಬ್ಬೆರಳು ಊರಿ, ಸುತ್ತಿಸಿ ಸುತ್ತಿಸಿ ಉಜ್ಜಿದಳು. ಸುತ್ತಿಸಬಾರದು ಎಂದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿದರೆ ಪೂಜೆ ನಿಂತುಹೋಗುತ್ತದೆ, ಪೂಜೆ ನಿಂತರೆ ಕಡಲೆಪುರಿ ಇಲ್ಲ. ನಾನು ಬಾಯಿ ಮುಚ್ಚಿಕೊಂಡು ನೀರು ಹನಿಸಿದೆ. ಎರಡನೆಯ ದೀಪಕ್ಕೆ ಕೈ ಹಾಕುವಾಗ ಅಮ್ಮ ಬಾಗಿಲು ತಟ್ಟಿದಳು. ಅಜ್ಜಿ ಬೊಟ್ಟುಗಳನ್ನೂ ತೊಳೆದ ದೀಪವನ್ನೂ ಸೆರಗಿನಲ್ಲಿ ಒರೆಸಿ, ಗಾಜು ಕೂರಿಸಿ ಚೀಲಕ್ಕೆ ತುರುಕಿ, ಮಾರಮ್ಮನ ಮೇಲೆ ನನ್ನ ಕೈಯಿಡಿಸಿ ಆಣೆ ಹಾಕಿಸಿಕೊಂಡು, ಅವಳನ್ನು ಮತ್ತೆ ರಾಗಿಯೊಳಗೆ ಹೂತಳು. ಕಡಲೆಪುರಿ ಒಂದು ಹಿಡಿ ಸಿಕ್ಕಿತು.

ಮೂರು ದಿನದ ಮೇಲೆ ಸಾಹೇಬರು ಕೆಲಸ ನೋಡಲು ತಾವೇ ನಮ್ಮ ಮನೆಗೆ ಬಂದರು, ಹಿಂದೆ ಅವರ ಡ್ರೈವರು. ಹೊಸ ಕ್ಯಾನ್ವಾಸಿನ ತುಂಡು ತೋರಿಸಲು ಚಾಚಾನೂ ಬಂದಿದ್ದರು. ಅಲ್ಲಿಯವರೆಗೆ ಹುಡ್ಡಿನ ಕೆಲಸದಲ್ಲೇ ಇದ್ದು ದೀಪಗಳನ್ನು ಮುಟ್ಟಿರದ ಅಪ್ಪ ಹೆಮ್ಮೆಯಿಂದ ಎರಡೂ ಚೀಲ ಬಿಚ್ಚಿ, ಗಾಜು ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಒಂದು ಬಟ್ಟಲು ಹಳದಿ ಬೆಳ್ಳಿ. ಇನ್ನೊಂದು ಮಬ್ಬು ಮಬ್ಬು, ಮೈಯೆಲ್ಲ ಗೀರು, ಅಲ್ಲಲ್ಲಿ ಹಿತ್ತಾಳೆ ಇಣುಕುತ್ತಿತ್ತು. ಸಾಹೇಬರು ಒಂದು ಸಲ ಅದನ್ನು ನೋಡಿದರು, ಒಂದು ಸಲ ಇದನ್ನು ನೋಡಿದರು.

“ದಿಸ್ ಈಸ್ ನಾಟ್ ಮೈನ್. ಇದು ನಂದಲ್ಲ ಮುನಿರಾಜು. ನನ್ನ ಜೋಡಿ ಎಲ್ಲಿ?”

ನಾನು ನಡುಕೋಣೆಯ ಪರದೆಯ ಹಿಂದೆ ಅಜ್ಜಿಯ ಪಕ್ಕ ನಿಂತಿದ್ದೆ. ಅಜ್ಜಿಯ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಅಪ್ಪ ದೀಪವನ್ನು ನೋಡುತ್ತ ನೋಡುತ್ತ ತಲೆಯೆತ್ತಿ ಚಾಚಾ ಕಡೆ ನೋಡಿದ.

“ಸಾರ್, ನನ್ನ ಕೈ ಬಿಟ್ಟು ಇದು ಹೋಗಿದ್ದು ಇವನ ಅಂಗಡಿಗೆ ಮಾತ್ರ.”

ಅಷ್ಟೇ ಅಂದದ್ದು. ಕಳ್ಳ ಅನ್ನಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆ ಒಂದು ಮಾತು ಹಾಗೆ ಹೋಯಿತು. ಚಾಚಾ ಕ್ಯಾನ್ವಾಸು ಮಡಚುತ್ತಿದ್ದವರು ನಿಲ್ಲಿಸಿದರು.

“ಕ್ಯಾ ಬೋಲಾ ತೂ? ಏನಂದೆ? ಮುನಿ, ನನ್ನ ಮುಖ ನೋಡ್ಕೊಂಡು ಹೇಳು. ಇಪ್ಪತ್ತು ವರ್ಷ ನಿನ್ ಮನೇಲಿ ಊಟ ಮಾಡೀನಿ ನಾನು.”

ಅಪ್ಪ ಮುಖ ನೋಡಲಿಲ್ಲ. ಡ್ರೈವರು ಬಾಗಿಲಿಗೆ ಅಡ್ಡ ನಿಂತು ಚಾಚಾ ಚೀಲ ತೆಗೆಸಿ ನೋಡಿದ. ಕತ್ತರಿ, ಮೇಣದ ದಾರ, ಅರ್ಧ ಬೀಡಿ ಕಟ್ಟು. ಓಣಿಯ ಜನ ಬಾಗಿಲಲ್ಲಿ ಸೇರಿದ್ದರು. ಚಾಚಾ ಕ್ಯಾನ್ವಾಸನ್ನು ಅಲ್ಲೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊರಟುಹೋದರು. ನಾನು ಬಾಯಿ ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾರಮ್ಮನ ಆಣೆಗೆ ಹೆದರಿ ಬಿಡಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಹೆದರಿದ್ದು ಅಪ್ಪನಿಗೆ. ಸುತ್ತಿಸ್ತೀಯಾ ಎಂದು ಕೇಳುತ್ತಿದ್ದ ಅಪ್ಪನಿಗೆ.

ಆ ಗಳಿಗೆಯಲ್ಲಿ ಅಪ್ಪ ಮನಸಾರೆ ಅನುಮಾನಪಟ್ಟಿದ್ದಿರಬಹುದು. ಸಾಹೇಬರು ಎದುರಿಗೆ ನಿಂತು ಗದರುತ್ತಿದ್ದಾಗ ಯಾರ ತಲೆ ನೆಟ್ಟಗಿರುತ್ತದೆ? ಅದನ್ನು ನಾನು ಕ್ಷಮಿಸಬಲ್ಲೆ. ಮರುದಿನ ಬೆಳಿಗ್ಗೆಯದನ್ನು ಕ್ಷಮಿಸಲು ನನಗೆ ಇಂದಿಗೂ ಆಗಿಲ್ಲ. ನಾನು ಹಲ್ಲುಜ್ಜಿ ಬಂದಾಗ ಅಪ್ಪ ಆ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ಅಂಚಿನ ಸಂದಿಯಲ್ಲಿ ಸೂಜಿ ಆಡಿಸುತ್ತಿದ್ದ. ಸೂಜಿಯ ತುದಿಗೆ ಬೂದಿ ಬಂತು, ಜೊತೆಗೆ ಹುಣಸೆಯ ಒಂದು ನಾರು. ಮೂಸಿ ನೋಡಿದ. ಬಟ್ಟಲು ಬೋರಲು ಮಾಡಿ ಹಿಂಬದಿಯ ಹಿತ್ತಾಳೆ ಸವರಿದ, ಅದೇ ಹಳೆಯ ಬಟ್ಟಲು ಎಂದು ಅವನ ಬೆರಳಿಗೆ ಗೊತ್ತಾಗದೆ ಇರುತ್ತದೆಯೇ? ಅಡುಗೆಮನೆಯ ಕಡೆ ತಿರುಗಿದ. ಅಲ್ಲಿ ಅಜ್ಜಿ ಒಲೆಯ ಮುಂದೆ ಕೂತಿದ್ದಳು. ತಾಯಿ ಮಗ ಒಬ್ಬರನ್ನೊಬ್ಬರು ನೋಡಿದರು. ಅಮ್ಮ ಹುಣಸೆ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ನೋಡಿ, ಮತ್ತೆ ಮುಚ್ಚಿದಳು. ಅಪ್ಪ ಬೂದಿಯನ್ನು ಲುಂಗಿಗೆ ಒರೆಸಿಕೊಂಡ. ಅಪ್ಪ ಅದನ್ನು ಬರಿಯ ಧೂಳು ಅಂದುಕೊಂಡ, ಅವನಿಗೆ ಗೊತ್ತಾಗಲಿಲ್ಲ, ಎಂದು ನಾನು ತೀರ್ಮಾನಿಸಿದೆ. ಹನ್ನೊಂದು ವರ್ಷದ ಹುಡುಗಿ ಅಷ್ಟು ದಡ್ಡಿಯಾಗಿರಲಿಲ್ಲ. ಬೇಕೆಂದೇ ದಡ್ಡಿಯಾದೆ.

ಅಪ್ಪ ಎರಡೂ ಬಟ್ಟಲುಗಳನ್ನು ತೆಗೆದುಕೊಂಡು ಹೋಗಿ ಬೆಳ್ಳಿ ಹಾಕುವವನ ಬಳಿ ಹೊಸ ಬೆಳ್ಳಿ ಹಾಕಿಸಿದ. ವಾರದ ಮೇಲೆ ಬಂಗಲೆಗೆ ಒಯ್ದಾಗ ನನ್ನನ್ನೂ ಸೈಕಲ್ಲಿನ ಮುಂದೆ ಕೂರಿಸಿಕೊಂಡಿದ್ದ. ಎರಡೂ ಒಂದೇ ಸಮ ಹೊಳೆಯುತ್ತಿದ್ದವು. ಸಾಹೇಬರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ನಕ್ಕರು.

“ಹಾಂ, ಇದೇ. ಅವನ ಹತ್ರ ವಾಪಸ್ ಸಿಕ್ತಾ?”

“ಸಿಕ್ತು ಸಾರ್.”

ಅಲ್ಲಿಗೆ ಗೌಸ್ ಚಾಚಾ ಕಳ್ಳರಾದರು. ಅಲ್ಲಿಯವರೆಗೆ ಬರಿಯ ಅನುಮಾನವಿತ್ತು. ಆ ಒಂದು ಶಬ್ದಕ್ಕೆ ಮಾಲೂ ಸಿಕ್ಕಿತು, ಕಳ್ಳನೂ ಸಿಕ್ಕಿದ. ನಮ್ಮ ಮನೆಯಲ್ಲೇ ಹಾಳಾಯಿತು ಎಂದು ಅಪ್ಪ ಹೇಗೆ ಹೇಳಿಯಾನು? ಮುನಿರಾಜುವಿನ ಮನೆಯಲ್ಲಿ ಸಾಮಾನು ಕೆಡುವುದಿಲ್ಲವಲ್ಲ! ಅದರ ಮೇಲೆ, ದೇವರನ್ನು ಇಳಿಸಿದವನ ಮಂಚದ ಮೇಲೇ ಅವನ ತಾಯಿ ಮಾರಮ್ಮನನ್ನು ಕೂರಿಸಿ ಪೂಜೆ ಮಾಡಿದಳೆಂದರೆ ಓಣಿಯವರು ನಗುತ್ತಿರಲಿಲ್ಲವೇ? ನಗೆಪಾಟಲಾಗುವುದಕ್ಕಿಂತ ಸ್ನೇಹಿತನನ್ನು ಕಳೆದುಕೊಳ್ಳುವುದು ಅವನಿಗೆ ಸಲೀಸಾಯಿತು. ನನಗೆ ಅಪ್ಪನ ಮೇಲೆ ಬಹಳ ಪ್ರೀತಿ. ಆದರೂ ಆದದ್ದು ಇದೇ.

ಬಂಗಲೆಯಿಂದ ಬಂಗಲೆಗೆ ಸುದ್ದಿ ಹರಡಿತು. ಹುಡ್ಡಿನ ಕೆಲಸ ಚಾಚಾ ಅಂಗಡಿಗೆ ಹೋಗುವುದು ನಿಂತಿತು. ಅವರು ಆಟೋಗಳ ರೆಕ್ಸಿನ್ ಸೀಟು ಹೊಲಿಯುತ್ತಾರೆಂದು ಯಾರೋ ಹೇಳಿದರು. ಅಪ್ಪ ಶಿವಾಜಿನಗರಕ್ಕೆ ಹೋದರೆ ಬಟ್ಟೆ ಗಲ್ಲಿ ತಪ್ಪಿಸಿ, ಬಸ್‌ಸ್ಟ್ಯಾಂಡಿನ ಕಡೆಯಿಂದ ಸುತ್ತಿ ಬರುತ್ತಿದ್ದ. ರಂಜಾನ್ ಬಂದಾಗ ಅಜ್ಜಿ ಬೆಳಗಿನಿಂದ ಬಾಗಿಲು ನೋಡುತ್ತಿದ್ದಳು, ಖುರ್ಮಾ ಬರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು. ಯಾರು ಮೊದಲು ಬಾಯಿ ಬಿಡುತ್ತಾರೋ ಎಂದು ಒಬ್ಬರನ್ನೊಬ್ಬರು ಕಾಯುತ್ತಿದ್ದೆವು. ಊಟಕ್ಕೆ ಕೂತಾಗ ತಲೆ ಬಗ್ಗಿಸಿ ಮುದ್ದೆ ಮುರಿಯುವುದು, ತಲೆ ಎತ್ತಿದರೆ ಯಾರದೋ ಕಣ್ಣು. ಅಪ್ಪ ಮಾತ್ರ ಅಲ್ಲಿಂದ ಮುಂದೆ ಯಾರು ಬಂದು ಹೋದರೂ ಡಬ್ಬಿ ಅಲುಗಿಸುವುದನ್ನು ಬಿಟ್ಟುಬಿಟ್ಟ. ಆ ಕೆಲಸಕ್ಕೆ ನಾನು ನಿಂತೆ. ಬಂದವರ ಕೈ ನೋಡಲು ಶುರು ಮಾಡಿದೆ. ಲೋಕದಲ್ಲಿ ಎಲ್ಲರೂ ಏನನ್ನಾದರೂ ಮುಚ್ಚಿಟ್ಟುಕೊಂಡಿರುತ್ತಾರೆ ಎಂದು ನಂಬಿದರೆ ನಮ್ಮ ಮನೆ ಮಾತ್ರ ಕೆಟ್ಟದ್ದಾಗಿ ಕಾಣುವುದಿಲ್ಲ ನೋಡಿ.

ಅಜ್ಜಿ ಹೋದಳು, ಅಮ್ಮ ಹೋದಳು, ಅಪ್ಪನೂ ಹೋದ. ಕೆಲಸ ನನ್ನ ಕೈಗೆ ಬಂತು. ಹೋದ ತಿಂಗಳು ಒಬ್ಬ ಯುವಕ ಒಂದು ತೆರೆದ ಕಾರನ್ನು ಲಾರಿಯ ಮೇಲೆ ತಂದ. ಲಾರಿಯಿಂದ ಇಳಿಸುವ ಮುಂಚೆಯೇ ನನಗೆ ಕಾರಿನ ಗುರುತು ಸಿಕ್ಕಿತ್ತು. ಬಂಗಲೆ ಸಾಹೇಬರ ಮೊಮ್ಮಗ ಅವನು. ಅವನು ಫೋನಿನ ಕ್ಯಾಮೆರಾ ಆನ್ ಮಾಡಲಿಲ್ಲ. ಯಾಕೆಂದು ನಾನೇ ಕೇಳಿದೆ.

“ಅಯ್ಯೋ, ನಿಮ್ಮ ಮೇಲೆ ಡೌಟಾ ಮೇಡಂ? ನಮ್ಮನೇಲಿ ಆ ಕಥೆ ಎಲ್ರಿಗೂ ಗೊತ್ತು. ಶಿವಾಜಿನಗರದ ಯಾವನೋ ಹುಡ್ ಹೊಲಿಯೋನು ನಮ್ ತಾತನ ಲೈಟ್ ಕದ್ದಿದ್ನಂತೆ, ನಿಮ್ ತಂದೆ ಅವನ ಹತ್ರ ಕಿತ್ಕೊಂಡು ಬಂದ್ರಂತೆ. ಅದಕ್ಕೇ ಬೇರೆಲ್ಲೂ ಹೋಗ್ಲಿಲ್ಲ, ನಿಮ್ಮ ಹತ್ರಾನೇ ಬಂದೆ.”

“ಹೌದಾ” ಅಂದೆ. ಅಷ್ಟೇ ಅಂದದ್ದು. ಅಪ್ಪನ “ಸಿಕ್ತು ಸಾರ್”ಗೂ ನನ್ನ “ಹೌದಾ”ಗೂ ಏನು ವ್ಯತ್ಯಾಸ? ನನ್ನ ಹೆಸರೂ ಆ ಸುಳ್ಳಿನ ಮೇಲೇ ನಿಂತಿತ್ತು, ಇನ್ನೊಬ್ಬ ಮನುಷ್ಯನ ಹೆಸರು ಅದರ ಕೆಳಗೆ ಹೂತುಹೋಗಿತ್ತು. ಎರಡು ದಿನ ಕೆಲಸಕ್ಕೆ ಕೂರಲಾಗಲಿಲ್ಲ. ಮೂರನೆಯ ದಿನ ಶಿವಾಜಿನಗರದ ಬಸ್ಸು ಹತ್ತಿದೆ.

ಬಟ್ಟೆ ಗಲ್ಲಿಯ ಅಂಗಡಿಯಲ್ಲಿ ಚಾಚಾ ಮಗ ಸೀಟು ಕವರುಗಳ ನಡುವೆ ಕೂತಿದ್ದ. ಮೇಲಿನ ಮನೆಗೆ ಕಳಿಸಿದ. ಚಾಚಾ ಇದ್ದರು. ಕಣ್ಣು ಮಂಜಾಗಿತ್ತು, ಬೆರಳುಗಳು ಮಾತ್ರ ಹಾಗೇ ಇದ್ದವು. ಪಕ್ಕದಲ್ಲಿ ಮೊಮ್ಮಗಳು ನಾಜಿಯಾ, ಹೈಸ್ಕೂಲಿನ ಹುಡುಗಿ, ಕನ್ನಡ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ನಾನು ಯಾರೆಂದು ಹೇಳಿದೆ. ಚಾಚಾ ಕೈ ಚಾಚಿ ನಾಜಿಯಾಳ ಪುಸ್ತಕ ಮುಚ್ಚಿಸಿದರು.

“ಮುನಿರಾಜು ಮಗಳು. ಯಾಕ್ ಬಂದೆ? ಏನ್ ಬೇಕಿತ್ತು?”

“ಏನೂ ಬೇಡ ಚಾಚಾ. ಒಂದು ವಿಷಯ ಹೇಳ್ಬೇಕಿತ್ತು.”

“ಏನೂ ಬೇಡ್ದೆ ಇಷ್ಟು ವರ್ಷದ ಮೇಲೆ ಯಾರ್ ಬರ್ತಾರೆ? ಹುಡ್ ಹೊಲಿಯೋರು ಬೇಕಾ? ನನ್ ಕೈಲಿ ಈಗ ಆಗಲ್ಲ.”

ನಾನು ಹೇಳಿದೆ. ಮಾರಮ್ಮ, ಹುಣಸೆಹಣ್ಣು, ಬೂದಿ, ನೀರು ಹನಿಸಿದ್ದು, ಬಾಯಿ ಮುಚ್ಚಿಕೊಂಡದ್ದು. ಅರ್ಧಕ್ಕೇ ಅವರು ಕೈಯೆತ್ತಿ ನಿಲ್ಲಿಸಿದರು. ಮೊಮ್ಮಗಳನ್ನು ಕಳಿಸಿ ಮಗನನ್ನು, ಸೊಸೆಯನ್ನು, ಪಕ್ಕದ ಅಂಗಡಿಯ ಇಬ್ಬರನ್ನು ಕರೆಸಿದರು.

“ಅವತ್ತು ಓಣಿ ಜನ ಎಲ್ಲಾ ಬಾಗ್ಲಲ್ಲಿ ನಿಂತಿದ್ರು. ಇವತ್ತೂ ಜನ ಇರ್ಲಿ. ಈಗ ಮೊದಲಿಂದ ಹೇಳು.”

ಮತ್ತೆ ಮೊದಲಿನಿಂದ ಹೇಳಿದೆ. ಗೌಸ್ ಚಾಚಾ ಕದಿಯಲಿಲ್ಲ, ಅವರು ಏನೂ ಮಾಡಲಿಲ್ಲ, ನಮ್ಮ ಮನೆಯಲ್ಲೇ ಆದದ್ದು ಎಂದೆ. ಮಗ ಗೋಡೆಯ ಕಡೆ ತಿರುಗಿ ನಿಂತ. ಸೊಸೆ ಅಳುತ್ತಿದ್ದಳು. ಚಾಚಾ ಒಂದೇ ಒಂದು ಪ್ರಶ್ನೆ ಕೇಳಿದರು.

“ಮುನಿಗೆ ಗೊತ್ತಿತ್ತಾ?”

ಅದಕ್ಕೆ ನಾನು ತಯಾರಾಗಿ ಬಂದಿರಲಿಲ್ಲ. ಸೂಜಿಯ ತುದಿಯ ಬೂದಿ ಕಣ್ಣ ಮುಂದೆ ಬಂತು. ಎದುರಿಗೆ ಈ ಮುದುಕರ ಮುಖ. ಇಪ್ಪತ್ತು ವರ್ಷ ಜೊತೆಗೆ ಉಂಡ ಸ್ನೇಹಿತ ತಪ್ಪು ತಿಳಿದು ಮೋಸಹೋದ ಎಂದಾದರೆ ಇವರು ಸಮಾಧಾನದಿಂದ ಇರುತ್ತಾರೆ, ಗೊತ್ತಿದ್ದೂ ಮಾಡಿದ ಎಂದಾದರೆ ಏನು ಉಳಿಯುತ್ತದೆ ಎಂದು ಯೋಚಿಸಿದೆ. ಹಾಗೆ ಯೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ. ಅಷ್ಟು ಜನರ ಎದುರು ಅಪ್ಪನನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ ಎಂಬುದೂ ಅಷ್ಟೇ ನಿಜ.

“ಇಲ್ಲ ಚಾಚಾ. ಅವರಿಗೆ ಗೊತ್ತಿರ್ಲಿಲ್ಲ.”

ಚಾಚಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅವರ ಭುಜ ಅಲುಗುತ್ತಿತ್ತು.

“ಯಾ ಅಲ್ಲಾ. ನಾನ್ ಏನ್ ಅನ್ಕೊಂಡಿದ್ದೆ ಗೊತ್ತಾ ಬೇಟಾ? ಇವನಿಗೆ ಎಲ್ಲಾ ಗೊತ್ತು, ಗೊತ್ತಿದ್ದೂ ನನ್ ಹೆಸ್ರು ಕೆಡ್ಸಿದ ಅಂತ. ದಿನಾ ಬದ್‌ದುವಾ ಕೊಡ್ತಿದ್ದೆ, ಶಾಪ ಹಾಕ್ತಿದ್ದೆ. ಅವನು ಸತ್ತ ಅಂತ ಸುದ್ದಿ ಬಂದಾಗ, ಒಳ್ಳೇದಾಯ್ತು ಅಂದೆ. ಮುಖ ನೋಡಕ್ಕೂ ಬರ್ಲಿಲ್ಲ. ಪಾಪ, ಅವನ ಮೇಲೆ ಸುಳ್ಳು ಶಕ್, ಸುಳ್ಳು ಅನುಮಾನ ಪಟ್ಬಿಟ್ಟೆ ನಾನು. ಅವನು ಇಲ್ಲ. ಅವನ ಬದ್ಲು ನೀನು ಮಾಫ್ ಮಾಡ್ಬಿಡು.”

ಹಾಗೆಂದು ನನಗೆ, ನನಗೆ, ಕೈ ಮುಗಿದರು. ನೆರೆದವರೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು ಆ ಕೈಗಳನ್ನು ಹಿಡಿದು ಇಳಿಸಿ, “ಮಾಡಿದೆ ಚಾಚಾ” ಅಂದೆ. ಸೊಸೆ ಚಹಾ ತಂದಳು. ಕುಡಿದು, ಮೆಟ್ಟಿಲು ಇಳಿದು ಬಂದೆ.

ಅಂದಿನಿಂದ ನನಗೆ ನಿದ್ದೆ ಸರಿಯಾಗಿಲ್ಲ. ಸಾಹೇಬರ ಮೊಮ್ಮಗನಿಗೆ ಫೋನ್ ಮಾಡಿ ಗೌಸ್ ಚಾಚಾ ಕಳ್ಳರಲ್ಲ ಎಂದು ಹೇಳಿದ್ದೇನೆ, ಅವನು ಕಾರು ವಾಪಸ್ಸು ತೆಗೆದುಕೊಂಡು ಹೋದ. ಅದು ಸುಲಭದ ಭಾಗವಾಗಿತ್ತು. ಚಾಚಾ ಮನೆಯ ಮೆಟ್ಟಿಲನ್ನು ಎರಡು ಸಲ ಹತ್ತಿ, ಬಾಗಿಲು ತಟ್ಟದೆ ಇಳಿದು ಬಂದಿದ್ದೇನೆ. ಬಾಯಿಂದ ಆಗದ್ದಕ್ಕೆ ಈ ಪುಟಗಳನ್ನು ಬರೆದಿದ್ದೇನೆ. ಚಾಚಾಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇವು ಅಚ್ಚಾಗಿ ಬರುವ ಪುಸ್ತಕದ ಮೊದಲ ಪ್ರತಿ ನಾಜಿಯಾಳ ಹೆಸರಿಗೆ ಹೋಗುತ್ತದೆ. ನಮ್ಮಪ್ಪನಿಗೆ ಗೊತ್ತಿತ್ತು, ಮಗೂ. ನಿಮ್ಮ ತಾತನಿಗೆ ಇದನ್ನು ಓದಿ ಹೇಳು.